ಏಳು ಜನ, ದೇವಿಮನೆ ಘಟ್ಟ ಮತ್ತು ಮೂರು ಹಳೇ ಗಾಡಿ

ಪ್ರಶ್ನೆ: ನಾನು ಶಿರಸಿ ಹತ್ತಿರದ ಹಳ್ಳಿಯಲ್ಲಿ ಶಾಲೆ ಶಿಕ್ಷಕಿ. ಮನೆಯಲ್ಲಿ ನಾವಿಬ್ಬರು, 11 ಮತ್ತು 8 ವರ್ಷದ ಇಬ್ಬರು ಮಕ್ಕಳು, ಅತ್ತೆ, ಮಾವ, ನಾದಿನಿ. ಶಾಲೆಗೆ ಹೋಗಿ ಬರಲು ದಿನಕ್ಕೆ 12 ಕಿ.ಮೀ. ಗಾಡಿ ಓಡಿಸುವವಳು ನಾನೇ. ತಿಂಗಳಿಗೆ ಒಂದೆರಡು ಸಲ ಎಲ್ಲರೂ ಸೇರಿ ಕುಮಟಾ, ಗೋಕರ್ಣ ಅಥವಾ ಹುಬ್ಬಳ್ಳಿಗೆ ಹೋಗುತ್ತೇವೆ. ಅತ್ತೆಗೆ ಮಂಡಿ ನೋವು. ಚಿಕ್ಕ ಮಗನಿಗೆ ಘಟ್ಟದಲ್ಲಿ ವಾಂತಿ. ಮನೆಯಿಂದ ಡಾಂಬರು ರಸ್ತೆಗೆ 200 ಮೀಟರ್ ಮಣ್ಣಿನ ಏರು ಇದೆ. ಬಜೆಟ್ 9 ಲಕ್ಷ. ಮೂರು ಗಾಡಿ ನೋಡಿದ್ದೇವೆ. 2017ರ ಎಕ್ಸ್‌ಯುವಿ 500, ಡೀಸೆಲ್, ಬೆಳಗಾವಿ ನಂಬರ್, 92,000 ಕಿ.ಮೀ., 7.25 ಲಕ್ಷ. 2016ರ ಇನ್ನೋವಾ ಕ್ರಿಸ್ಟಾ, ಡೀಸೆಲ್, ಗೋವಾ ನಂಬರ್, 1.1 ಲಕ್ಷ ಕಿ.ಮೀ., 8.9 ಲಕ್ಷ. 2019ರ ಎರ್ಟಿಗಾ, ಪೆಟ್ರೋಲ್, ಕಾರವಾರ ನಂಬರ್, 64,000 ಕಿ.ಮೀ., 7.8 ಲಕ್ಷ. ಘಟ್ಟದ ಊರಿಗೆ ಎಸ್‌ಯುವಿಯೇ ಬೇಕು ಎನ್ನುವುದು ನಮ್ಮ ಮನೆಯವರ ಹಠ. ಯಾವುದು ತೆಗೆದುಕೊಳ್ಳೋಣ?

ಉತ್ತರ: ಅಕ್ಕೋರೇ, ನೀವು ಮನೆಯ ಏರು, ಅತ್ತೆಯವರ ಮಂಡಿ, ಮಗನ ವಾಂತಿ ಎಲ್ಲವನ್ನೂ ಬರೆದದ್ದು ಬಹಳ ಒಳ್ಳೆಯದಾಯಿತು. ಹೆಚ್ಚಿನವರು ಗಾಡಿಯ ಹೆಸರು, ರೇಟು ಇಷ್ಟೇ ಹೇಳಿ "ಯಾವುದು ಒಳ್ಳೇದು" ಅಂತ ಕೇಳುತ್ತಾರೆ. ಯಾರು ಎಲ್ಲಿ ಕೂರುತ್ತಾರೆ, ದಿನಾ ಎಷ್ಟು ದೂರ ಅಂತ ಗೊತ್ತಿಲ್ಲದೆ ಅದಕ್ಕೆ ಉತ್ತರ ಹೇಳಲು ಬರುವುದಿಲ್ಲ. ನಾನು ಕುಮಟಾದಲ್ಲಿ ಗ್ಯಾರೇಜು ನಡೆಸುವವನು. ಘಟ್ಟ ಇಳಿದು ಬಿಸಿ ಬ್ರೇಕಿನ ವಾಸನೆ ಹೊತ್ತುಕೊಂಡು ಬರುವ ಗಾಡಿಗಳನ್ನು ದಿನಾ ನೋಡುತ್ತೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಅಡಿಭಾಗ ಗಟ್ಟಿಯಿದ್ದರೆ ಕಾರವಾರದ ಎರ್ಟಿಗಾ ತೆಗೆದುಕೊಳ್ಳಿ. ಅದು ಪರೀಕ್ಷೆಯಲ್ಲಿ ಸೋತರೆ ಎಕ್ಸ್‌ಯುವಿ. ಗೋವಾದ ಕ್ರಿಸ್ಟಾದ ಮೇಲೆ ನನಗೆ ಅನುಮಾನ ಇದೆ. ಯಾಕೆ ಅಂತ ಮುಂದೆ ಬರೆಯುತ್ತೇನೆ.

ಮೊದಲು ನಿಮ್ಮ ಯಜಮಾನರ ಮಾತಿಗೆ ಬರೋಣ. ನಿಮ್ಮ ಶಿರಸಿ-ಕುಮಟಾ ದಾರಿಯ ದೇವಿಮನೆ ಇರಲಿ, ಅರಬೈಲು, ಅಣಶಿ, ದೊಡ್ಮನೆ ಇರಲಿ, ಯಾವುದೇ ಘಟ್ಟ ಹತ್ತಲು ಎತ್ತರದ ಗಾಡಿ ಬೇಕಾಗಿಲ್ಲ. ಇವೆಲ್ಲ ಡಾಂಬರು ರಸ್ತೆಗಳು. ಘಟ್ಟಕ್ಕೆ ಬೇಕಾದದ್ದು ಮೂರು: ಭಾರ ಎಳೆಯುವ ಶಕ್ತಿ, ಜಾರದ ಕ್ಲಚ್, ಬಿಸಿಯಾದರೂ ಕೈ ಕೊಡದ ಬ್ರೇಕು. ಎತ್ತರದ ಗಾಡಿ ತಿರುವಿನಲ್ಲಿ ಹೆಚ್ಚು ವಾಲುತ್ತದೆ, ಹಿಂದೆ ಕೂತ ಮಕ್ಕಳಿಗೆ ಹೊಟ್ಟೆ ತೊಳೆಸುವುದೂ ಜಾಸ್ತಿ. ವಾಂತಿ ಮಾಡುವ ಮಗ ಇದ್ದಾನೆ ಅಂದ ಮೇಲೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ?

ಎತ್ತರ ಬೇಕಾಗುವುದು ನಿಮ್ಮ ಮನೆಯ ಮಣ್ಣಿನ ದಾರಿಗೆ. ಎಕ್ಸ್‌ಯುವಿಯ ಅಡಿಭಾಗ ನೆಲದಿಂದ 200 ಮಿ.ಮೀ. ಮೇಲೆ ಇದೆ, ಎರ್ಟಿಗಾದ್ದು 180 ಮಿ.ಮೀ. ಏಳು ಜನ ಕೂತರೆ ಎರಡೂ ತಗ್ಗುತ್ತವೆ. ಆದರೆ ಮಳೆಗಾಲದ ಏರಿನಲ್ಲಿ ಎತ್ತರಕ್ಕಿಂತ ಮುಖ್ಯವಾದದ್ದು ಎಂಜಿನ್ ಯಾವ ಚಕ್ರವನ್ನು ತಿರುಗಿಸುತ್ತದೆ ಎನ್ನುವುದು. ಎರ್ಟಿಗಾ ಮುಂದಿನ ಚಕ್ರದ ಗಾಡಿ. ಎಕ್ಸ್‌ಯುವಿ ಕೂಡ ಹಾಗೇ, ನಾಲ್ಕೂ ಚಕ್ರ ಎಳೆಯುವ ಮಾದರಿಯೊಂದನ್ನು ಬಿಟ್ಟು. ಏರಿನಲ್ಲಿ ಭಾರ ಹಿಂದಕ್ಕೆ ಹೋಗುತ್ತದೆ, ಮೂರನೇ ಸಾಲಿನಲ್ಲೂ ಜನ ಕೂತರೆ ಇನ್ನೂ ಹಿಂದಕ್ಕೆ. ಮುಂದಿನ ಚಕ್ರ ಹಗುರವಾಗಿ ಒದ್ದೆ ಕೆಂಪು ಮಣ್ಣಿನಲ್ಲಿ ಸುಮ್ನೆ ತಿರುಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಇನ್ನೋವಾ ಹಿಂದಿನ ಚಕ್ರದ ಗಾಡಿ. ಹಿಂದೆ ಜನ ಕೂತಷ್ಟೂ ಅದರ ಹಿಡಿತ ಹೆಚ್ಚು. ಹಳೇ ಇನ್ನೋವಾಗಳು ಇಂಥ ದಾರಿಯಲ್ಲಿ ವರ್ಷಗಟ್ಟಲೆ ಬಾಳಿದ್ದಕ್ಕೆ ಇದೂ ಒಂದು ಕಾರಣ.

ಇದಕ್ಕೆ ಗಾಡಿ ಬದಲಿಸುವುದಕ್ಕಿಂತ ಸುಲಭದ ದಾರಿ ಇದೆ. ಆ 200 ಮೀಟರಿನಲ್ಲಿ ನಿಜವಾಗಿ ಕಡಿದಾದ ಜಾಗ ಮೂವತ್ತೋ ನಲವತ್ತೋ ಮೀಟರ್ ಇರಬಹುದು. ಅಷ್ಟಕ್ಕೆ ಮಾತ್ರ ಎರಡು ಚಕ್ರದ ಗೆರೆಗೆ ಕಾಂಕ್ರೀಟ್ ಹಾಕಿಸಿ. ಇಲ್ಲವೇ ಚಿರೇಕಲ್ಲು ಒತ್ತಾಗಿ ಕೂರಿಸಿ, ಪಕ್ಕದಲ್ಲಿ ನೀರು ಹರಿಯಲು ಚರಂಡಿ ತೆಗೆಸಿ. ಒಂದು ಬೇಸಿಗೆಯ ಕೆಲಸ. ಆಮೇಲೆ ಯಾವ ಗಾಡಿಯಾದರೂ ಹತ್ತುತ್ತದೆ.

ಇನ್ನು ಡೀಸೆಲ್ಲೋ ಪೆಟ್ರೋಲೋ? ನೀವು ದಿನಾ ಓಡಿಸುವುದು 6 ಕಿ.ಮೀ. ಹೋಗಿ, 6 ಕಿ.ಮೀ. ವಾಪಸ್. ಡೀಸೆಲ್ ಎಂಜಿನ್ ಸರಿಯಾಗಿ ಬಿಸಿಯಾಗುವ ಹೊತ್ತಿಗೆ ಶಾಲೆಯ ಗೇಟು ಬಂದಿರುತ್ತದೆ. ಹೀಗೆ ಅರೆಬಿಸಿಯಲ್ಲೇ ಓಡುವ ಡೀಸೆಲ್ ಗಾಡಿಯ ಒಳಗೆ ಮಸಿ ಕಟ್ಟುತ್ತಾ ಹೋಗುತ್ತದೆ. 2020ರ ಏಪ್ರಿಲ್‌ನಿಂದ ಗಾಡಿಯ ಹೊಗೆಗೆ ಬಿಎಸ್ 6 ಎನ್ನುವ ಬಿಗಿ ನಿಯಮ ಬಂದಿದೆ. ಆಮೇಲಿನ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಅಂತಾರೆ. ಆ ಮಸಿ ಸುಟ್ಟು ಹೋಗಬೇಕಾದರೆ ಆಗಾಗ ಒಂದಿಷ್ಟು ಹೊತ್ತು ಬಿಡದೆ ಹೈವೇಯಲ್ಲಿ ಓಡಬೇಕು. ಬರೀ ಶಾಲೆ, ಪೇಟೆ, ಮನೆ ಅಂತ ಓಡಿಸಿದರೆ ಫಿಲ್ಟರ್ ಕಟ್ಟಿಕೊಂಡು ಲೈಟು ಹತ್ತುತ್ತದೆ, ಖರ್ಚೂ ದೊಡ್ಡದು. ನಿಮ್ಮ ಪಟ್ಟಿಯಲ್ಲಿರುವ ಎರಡೂ ಡೀಸೆಲ್ ಗಾಡಿ ಅದಕ್ಕಿಂತ ಹಳೆಯವು, ಅಷ್ಟು ಕಾಟ ಇಲ್ಲ. ಆದರೂ ನಿಮ್ಮ ಓಡಾಟಕ್ಕೆ ಹೊಂದುವುದು ಪೆಟ್ರೋಲೇ. ನಾಳೆ ಯಾರಾದರೂ "ಇನ್ನೊಂದು ಲಕ್ಷ ಹಾಕಿ, 2021ರ ಡೀಸೆಲ್ ಸಿಗುತ್ತದೆ" ಅಂದರೆ ದಯವಿಟ್ಟು ಬೇಡ ಅನ್ನಿ.

ಪೆಟ್ರೋಲ್ ಎರ್ಟಿಗಾ ಘಟ್ಟ ಹತ್ತುತ್ತದಾ? ಹತ್ತುತ್ತದೆ. ಆದರೆ ಅದರ ಸ್ವಭಾವ ಬೇರೆ. ಎಳೆಯುವ ಶಕ್ತಿಯನ್ನು ಎನ್‌ಎಂ ಅಂತ ಅಳೆಯುತ್ತಾರೆ. ಎರ್ಟಿಗಾದ 1.5 ಲೀಟರ್ ಪೆಟ್ರೋಲ್ ಎಂಜಿನ್ನಿಗೆ 138, ನೀವು ನೋಡಿದ ಎಕ್ಸ್‌ಯುವಿಗೆ 330, ಕ್ರಿಸ್ಟಾದ 2.4 ಡೀಸೆಲ್ಲಿಗೆ 343. ಗಾಡಿಯ ತೂಕವೂ ಬೇರೆ ಬೇರೆ ಇದೆ, ಆದರೂ ಏಳು ಜನ, ಎಸಿ, ದೇವಿಮನೆ ಏರು ಮೂರೂ ಸೇರಿದಾಗ ಎರ್ಟಿಗಾದಲ್ಲಿ ಎರಡನೇ ಗೇರಿಗೆ ಬೇಗ ಇಳಿಸಬೇಕು. ಎಂಜಿನ್ ಕೂಗುತ್ತದೆ, ಕೂಗಲಿ, ಹೆದರಬೇಡಿ. ಮೂರನೇ ಗೇರಿನಲ್ಲೇ ಒದ್ದಾಡಿಸಿಕೊಂಡು ಹೋಗುವುದು ಎಂಜಿನ್ನಿಗೂ ಕೆಟ್ಟದ್ದು. ಮುಂದಿನ ಲಾರಿಯನ್ನು ಏರಿನಲ್ಲಿ ದಾಟುವ ಆಸೆ ಮಾತ್ರ ಬಿಟ್ಟುಬಿಡಿ. ತಿಂಗಳಿಗೆ ಎರಡು ಸಲದ ಘಟ್ಟಕ್ಕೆ ಇಷ್ಟು ಸಾಕು ಎನ್ನುವುದು ನನ್ನ ಲೆಕ್ಕ. ವಾರಕ್ಕೆ ನಾಲ್ಕು ಸಲ ಏಳು ಜನ ಹೋಗುವವರಾಗಿದ್ದರೆ ಬೇರೆಯೇ ಉತ್ತರ ಕೊಡುತ್ತಿದ್ದೆ.

ಸೀಟಿನ ವಿಷಯದಲ್ಲಿ ಸ್ವಲ್ಪ ನಿಂತು ಯೋಚಿಸಿ. ಏಳು ಸೀಟಿನ ಗಾಡಿ ತೆಗೆದುಕೊಂಡವರು ಹೆಚ್ಚಾಗಿ ಎಡವುವುದು ಇಲ್ಲೇ. ಅಂಗಳದಲ್ಲಿ ನಿಂತ ಗಾಡಿಯಲ್ಲಿ ಮುಂದೆ ಕೂತು, ಸ್ಟೇರಿಂಗ್ ಹಿಡಿದು, ಎಸಿ ಹಾಕಿ ಖುಷಿಪಡುತ್ತಾರೆ. ಮೂರನೇ ಸಾಲಿಗೆ ಯಾರೂ ಹತ್ತುವುದಿಲ್ಲ. ನಿಮ್ಮ ಮನೆಯಲ್ಲಿ ಅಲ್ಲಿ ಕೂರುವವರು ಯಾರು? ಚಿಕ್ಕವನನ್ನು ಅಲ್ಲಿ ಕೂರಿಸುವ ಹಾಗಿಲ್ಲ. ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ ಕುಲುಕಾಟ ಜಾಸ್ತಿ, ಹೊರಗೆ ಕಾಣುವುದೂ ಕಡಿಮೆ, ಅವನು ಮೊದಲ ತಿರುವಿಗೇ ವಾಂತಿ ಮಾಡುತ್ತಾನೆ. ಅವನಿಗೆ ನಡು ಸಾಲಿನ ಕಿಟಕಿ ಬೇಕು. ಅತ್ತೆ, ಮಾವನೂ ನಡುವೆಯೇ. ಉಳಿದದ್ದು ನಾದಿನಿ ಮತ್ತು ದೊಡ್ಡ ಮಗು. ಅಂದರೆ ನಿಮ್ಮ ಮೂರನೇ ಸಾಲಿಗೆ ಒಬ್ಬರು ದೊಡ್ಡವರು ಹೋಗಲೇಬೇಕು. ಎರ್ಟಿಗಾದ ನಡು ಸೀಟನ್ನು ಹಿಂದೆ ಮುಂದೆ ಸರಿಸಬಹುದು. ಅತ್ತೆ, ಮಾವ ಸ್ವಲ್ಪ ಮುಂದಕ್ಕೆ ಸರಿದು ಕೂತರೆ ಹಿಂದಿನವರ ಮೊಣಕಾಲಿಗೆ ಜಾಗ ಆಗುತ್ತದೆ. ಆದರೂ ತೊಡೆ ಸೀಟಿಗೆ ಪೂರ್ತಿ ತಾಗುವುದಿಲ್ಲ. ಕುಮಟಾ ತನಕ ಸರಿ, ಹುಬ್ಬಳ್ಳಿ ದಾರಿಯಲ್ಲಿ ನಡುವೆ ಒಮ್ಮೆ ನಿಲ್ಲಿಸಿ ಕಾಲು ಚಾಚಲು ಬಿಡಿ. ಈ ವಿಷಯದಲ್ಲಿ ಕ್ರಿಸ್ಟಾ ಮೂರರಲ್ಲೂ ಮೇಲು, ಅದು ಒಪ್ಪಬೇಕಾದ ಮಾತು.

ಇನ್ನೊಂದು ಸಂಗತಿ, ಹಿಂದಿನವರು ಇಳಿಯಬೇಕಾದರೆ ನಡು ಸಾಲಿನವರು ಇಳಿದು ಸೀಟು ಮಡಚಬೇಕು. ಘಟ್ಟದಲ್ಲಿ ಮಳೆ ಸುರಿಯುವಾಗ ಮಂಡಿ ನೋವಿನ ಅತ್ತೆಯವರನ್ನು ಇಳಿಸಿ ಹತ್ತಿಸುವುದು ಆಗದ ಕೆಲಸ. ಸೀಟು ಮಡಚುವ ಬಾಗಿಲ ಕಡೆ ಚಿಕ್ಕವನೇ ಕೂರಲಿ, ಅತ್ತೆಯವರು ಇನ್ನೊಂದು ಕಿಟಕಿಗೆ. ಎರ್ಟಿಗಾದ ಒಳನೆಲ ತಗ್ಗು, ಸೀದಾ ತಿರುಗಿ ಕೂರಬಹುದು. ಎಕ್ಸ್‌ಯುವಿಗೆ ಅವರು ಹಿಡಿಕೆ ಹಿಡಿದು ಮೈ ಎತ್ತಿ ಹತ್ತಬೇಕು. ಹತ್ತುವುದಕ್ಕಿಂತ ಇಳಿಯುವುದು ಮಂಡಿಗೆ ಕಷ್ಟ. ಗಾಡಿ ನೋಡಲು ಹೋಗುವಾಗ ಅವರನ್ನು ಬಿಟ್ಟು ಹೋಗಬೇಡಿ. ನಾಲ್ಕು ಸಲ ಹತ್ತಿ ಇಳಿಯಲು ಹೇಳಿ, ನಾಲ್ಕನೇ ಸಲ ಅವರ ಮುಖ ನೋಡಿ.

ಮೂರೂ ಸಾಲಿನಲ್ಲಿ ಜನ ಕೂತರೆ ಸಾಮಾನಿಗೆ ಎಷ್ಟು ಜಾಗ ಉಳಿಯುತ್ತದೆ ಅಂತಲೂ ಕೇಳಿಕೊಳ್ಳಿ. ಕ್ರಿಸ್ಟಾದಲ್ಲಿ 300 ಲೀಟರ್, ಎರ್ಟಿಗಾದಲ್ಲಿ 209, ಎಕ್ಸ್‌ಯುವಿಯಲ್ಲಿ ಬರೀ 93. ಆ 93 ಲೀಟರ್ ಅಂದರೆ ಮಕ್ಕಳ ಎರಡು ಶಾಲೆ ಬ್ಯಾಗು, ಒಂದು ಚೀಲ ತರಕಾರಿ. ದೊಡ್ಡ ಗಾಡಿ ಅಂತ ಕೊಂಡವರು ಮೊದಲ ಪ್ರವಾಸದ ದಿನ ಬ್ಯಾಗು ಕೈಯಲ್ಲಿ ಹಿಡಿದು ನಿಲ್ಲುವುದನ್ನು ನೋಡಿದ್ದೇನೆ. ಹಾಗೆಯೇ, ಹಳೇ ಸ್ಕಾರ್ಪಿಯೋ ಅಥವಾ ಬೊಲೆರೋ ನೋಡಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಹಿಂದೆ ಎದುರುಬದುರು ಕೂರುವ ಅಡ್ಡ ಸೀಟಿನ ಗಾಡಿಯನ್ನು ಮಕ್ಕಳಿರುವ ಮನೆಗೆ ತರಬೇಡಿ. ಆ ಸೀಟಿಗೆ ಬೆಲ್ಟ್ ಇರುವುದಿಲ್ಲ.

ಈಗ ನಿಮ್ಮ ಮೂರು ಗಾಡಿ. ನಂಬರ್ ಪ್ಲೇಟು ನೋಡಿದರೆ ಎಲ್ಲಿ ಹುಡುಕಬೇಕು ಅಂತ ಅರ್ಧ ಗೊತ್ತಾಗುತ್ತದೆ.

ಕಾರವಾರದ ಎರ್ಟಿಗಾದ ಶತ್ರು ಉಪ್ಪು ಗಾಳಿ. ಶಿರಸಿಯಲ್ಲಿ ಹತ್ತು ವರ್ಷ ಬಾಳುವ ಕಬ್ಬಿಣ ಸಮುದ್ರದ ಪಕ್ಕದಲ್ಲಿ ಐದಕ್ಕೇ ಹೊಟ್ಟಾಗುತ್ತದೆ. ಮೇಲೆ ಬಣ್ಣ ಪಳಪಳ ಅನ್ನುತ್ತಿರುತ್ತದೆ, ಕೆಳಗೆ ಬೇರೆಯೇ ಕಥೆ. ಹನ್ನೆರಡು ವರ್ಷದ ಹಿಂದೆ ನನ್ನ ಭಾವನಿಗೆ ಒಂದು ಏಳು ಸೀಟಿನ ಗಾಡಿ ನಾನೇ ಆರಿಸಿ ಕೊಟ್ಟೆ. ಎಂಜಿನ್ ಚೆನ್ನಾಗಿತ್ತು, ಅಡಿಗೆ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆದಿತ್ತು. ಒಳ್ಳೆಯದೇ ಆಯಿತು ಅಂದುಕೊಂಡೆ. ಮಳೆಗಾಲ ಮುಗಿಯುವ ಹೊತ್ತಿಗೆ ಹಿಂದಿನ ಸೀಟಿನ ಬೋಲ್ಟು ಅಲುಗಾಡತೊಡಗಿತು. ಕಾರ್ಪೆಟ್ ಎತ್ತಿದೆ. ಕೆಳಗಿನ ಸ್ಪಂಜು ನೀರು ಕುಡಿದು ಹಿಂಡಿದ ಬಟ್ಟೆಯ ಹಾಗಿತ್ತು. ಅದರ ಅಂಚಿಗೆ ಮೀನಿನ ಮೈಮೇಲಿನ ಸಣ್ಣ ಚಿಪ್ಪುಗಳು ಅಂಟಿಕೊಂಡು ಬೆಳಕಿಗೆ ಹೊಳೆಯುತ್ತಿದ್ದವು. ಸೀಟು ಮಡಚಿ ಐಸು ಹಾಕಿದ ಮೀನಿನ ಬಾಕ್ಸು ಸಾಗಿಸಿದ್ದರು. ಉಪ್ಪು ನೀರು ಒಳಗಿನಿಂದ ತಿಂದಿತ್ತು, ಹೊರಗಿನಿಂದ ಹೊಡೆದ ಕೋಟಿಂಗ್ ಅದನ್ನು ಮುಚ್ಚಿಟ್ಟಿತ್ತು. ಬೆರಳು ಒತ್ತಿದರೆ ತಗಡು ಒಳಗೆ ಹೋಗುತ್ತಿತ್ತು. ಅದೇ ಸೀಟಿನಲ್ಲಿ ಅವರ ಮಕ್ಕಳು ಕೂತು ಓಡಾಡಿದ್ದರು. ಅಂದಿನಿಂದ ಕಾರ್ಪೆಟ್ ಎತ್ತದೆ ನಾನು ಯಾವ ಗಾಡಿಗೂ ಹೂಂ ಅಂದಿಲ್ಲ.

ಹಾಗಾಗಿ ನೀವೂ ಹಿಂದಿನ ಕಾರ್ಪೆಟ್ ಎತ್ತಿಸಿ. ಕೈ ಹಾಕಿ ಮುಟ್ಟಿ, ಮೂಸಿ ನೋಡಿ. ಸ್ಟೆಪ್ನಿ, ಜಾಕು ಇಡುವ ಜಾಗ ನೋಡಿ. ಬಾಗಿಲುಗಳ ಕೆಳಗಿನ ಅಂಚಿನಲ್ಲಿ ಬೆರಳು ಓಡಿಸಿ. ಅಲ್ಲಿ ಬಣ್ಣ ಗುಳ್ಳೆ ಎದ್ದಿದ್ದರೆ ಒಳಗೆ ತುಕ್ಕು ಶುರುವಾಗಿದೆ. ಡಿಕ್ಕಿ ಬಾಗಿಲಿನ ಕೆಳತುದಿ, ಬ್ಯಾಟರಿ ಕೂರುವ ತಟ್ಟೆ, ಚಕ್ರದ ಮೇಲಿನ ಕಮಾನು ಬಿಡಬೇಡಿ. ಆಮೇಲೆ ಗ್ಯಾರೇಜಿನಲ್ಲಿ ಲಿಫ್ಟಿಗೆ ಹಾಕಿಸಿ ಕೆಳಗೆ ನಿಂತು ನೋಡಿ. ಸ್ಕ್ರೂಡ್ರೈವರಿನ ಹಿಡಿಕೆಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ತಗಡು ಟಣ್ ಅನ್ನುತ್ತದೆ, ತಿಂದು ಹೋದದ್ದು ಬೊದ ಬೊದ ಅನ್ನುತ್ತದೆ. ನಟ್ಟು ಬೋಲ್ಟಿನ ಮೇಲಿನ ಕೆಂಪು ತುಕ್ಕಿಗೆ ಹೆದರಬೇಡಿ, ಕರಾವಳಿಯ ಎಲ್ಲ ಗಾಡಿಗೂ ಅದು ಇರುತ್ತದೆ. ಪದರ ಪದರವಾಗಿ ಏಳುವ ತುಕ್ಕು, ಬ್ರೇಕ್ ಪೈಪಿನ ಮೇಲಿನ ತುಕ್ಕು, ಮಾರುವ ವಾರ ಹೊಡೆದಂತಿರುವ ಕಪ್ಪು ಬಣ್ಣ ಕಂಡರೆ ಮಾತ್ರ ಎಚ್ಚರ.

ಬೆಳಗಾವಿಯ ಎಕ್ಸ್‌ಯುವಿಗೆ ಕೇಳಬೇಕಾದ ಪ್ರಶ್ನೆ ನೆರೆಯದ್ದು. 2019ರ ಆಗಸ್ಟ್‌ನಲ್ಲಿ ಬೆಳಗಾವಿ ಜಿಲ್ಲೆ, ಕೊಲ್ಲಾಪುರ, ಸಾಂಗ್ಲಿ ಕಡೆ ಎಷ್ಟು ನೀರು ಬಂತು ಅಂತ ನಿಮಗೂ ನೆನಪಿರಬೇಕು. ಮುಳುಗಿದ ಗಾಡಿಯನ್ನು ತೊಳೆದು ಒಣಗಿಸಿದರೆ ಮೇಲ್ನೋಟಕ್ಕೆ ಏನೂ ಗೊತ್ತಾಗುವುದಿಲ್ಲ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆಯಿರಿ. ದಿನಾ ಹೊರಗೆ ಬರದ ಆ ಕೊನೆಯ ಒಂದಡಿಯನ್ನು ಯಾರೂ ತೊಳೆಯುವುದಿಲ್ಲ, ಕೆಸರಿನ ಗೆರೆ ಇದ್ದರೆ ಅಲ್ಲೇ ಇರುತ್ತದೆ. ಸೀಟಿನ ಕೆಳಗಿನ ಹಳಿ, ಡ್ಯಾಶ್‌ಬೋರ್ಡಿನ ಅಡಿಯ ಬ್ರಾಕೆಟ್ ತುಕ್ಕು ಹಿಡಿದಿದೆಯಾ ನೋಡಿ. ಇನ್ಶೂರೆನ್ಸ್ ಕ್ಲೇಮು ಆಗಿದೆಯಾ ಅಂತ ಕೇಳಿ, ಆ ತಿಂಗಳ ಸರ್ವೀಸ್ ಬಿಲ್ಲು ತೋರಿಸಲು ಹೇಳಿ. ಕ್ಲಚ್ ಮತ್ತು ಸಸ್ಪೆನ್ಶನ್ ಬುಷ್ ಯಾವಾಗ ಬದಲಿಸಿದ್ದು ಅಂತಲೂ ಕೇಳಿ. ಅಷ್ಟು ಭಾರದ ಗಾಡಿಯಲ್ಲಿ 92,000 ಕಿ.ಮೀ. ದಾಟಿದ ಮೇಲೆ ಆ ಖರ್ಚು ದೂರ ಇರುವುದಿಲ್ಲ. ಅದರ 17 ಇಂಚಿನ ಟೈರುಗಳಿಗೆ ಎರ್ಟಿಗಾದ 15 ಇಂಚಿನದಕ್ಕಿಂತ ಬಹಳ ಜಾಸ್ತಿ ದುಡ್ಡು ಬೇಕು.

ಗೋವಾದ ಕ್ರಿಸ್ಟಾ ನಿಜವಾಗಿ 1.1 ಲಕ್ಷ ಕಿ.ಮೀ. ಓಡಿದ್ದರೆ ಆ ರೇಟಿಗೆ ಯಾಕೆ ಬಿಡುತ್ತಾರೆ? ಬೆಲೆ ಇಳಿಯದ ಗಾಡಿ ಅದು. ಕ್ಲಚ್ ಪೆಡಲಿನ ರಬ್ಬರು ನುಣ್ಣಗೆ ಸವೆದು, ಸ್ಟೇರಿಂಗ್ ಹೊಳಪು ಬಂದು, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿದ್ದರೆ ಮೀಟರ್ ಹೇಳುವುದನ್ನು ನಂಬಬೇಡಿ. ಟ್ಯಾಕ್ಸಿಯಾಗಿ ಓಡಿ ಆಮೇಲೆ ಬಿಳಿ ಬೋರ್ಡ್ ಮಾಡಿಸಿದ್ದೂ ಇರಬಹುದು. ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ಗಾಡಿ ನಂಬರ್ ಕೊಟ್ಟು, ಯಾವ ದಿನ ಎಷ್ಟು ಕಿ.ಮೀ.ಗೆ ಬಂದಿತ್ತು ಅಂತ ಮಾಲೀಕರ ಕೈಯಲ್ಲೇ ಕೇಳಿಸಿ. ಅವರು ಹಿಂದೆ ಮುಂದೆ ನೋಡಿದರೆ ಉತ್ತರ ಸಿಕ್ಕಿತು ಅಂತ ತಿಳಿಯಿರಿ. ಎಲ್ಲ ಸರಿ ಇದ್ದರೂ ತೆರಿಗೆ ಇದೆ. ಗೋವಾದಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಎನ್ನುವ ಪತ್ರ ತಂದು ಇಲ್ಲಿ ನೋಂದಣಿ ಮಾಡಿಸುವಾಗ ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಬೇಕು. ಗಾಡಿಯ ವಯಸ್ಸಿಗೆ ತಕ್ಕ ಹಾಗೆ ಕಡಿಮೆ ಆಗುತ್ತದೆ, ಆದರೂ ಕ್ರಿಸ್ಟಾದಂಥ ಬೆಲೆಯ ಗಾಡಿಗೆ ಅದು ಲಕ್ಷ ದಾಟಬಹುದು. ಆರ್‌ಸಿ ಪ್ರತಿ ಹಿಡಿದು ಶಿರಸಿ ಆರ್‌ಟಿಒದಲ್ಲಿ ಮೊತ್ತ ಕೇಳಿ ಬನ್ನಿ. ಆಗ ಆ 8.9 ಲಕ್ಷ ನಿಮ್ಮ ಬಜೆಟ್ಟಿನ ಒಳಗೆ ಉಳಿಯುವುದಿಲ್ಲ.

ಕಾಗದ ಪತ್ರದ ಬಗ್ಗೆ ಚಿಕ್ಕದಾಗಿ. ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ಗಾಡಿ ನಂಬರ್ ಹಾಕಿ ಎಷ್ಟನೇ ಮಾಲೀಕರು, ಸಾಲ ಬಾಕಿ ಇದೆಯಾ, ದಂಡ ಇದೆಯಾ ನೋಡಿ. ಸಾಲ ಇದ್ದಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35, ಹೆಸರು ಬದಲಿಸಲು ಫಾರ್ಮ್ 29 ಮತ್ತು 30. ಗಾಡಿ ನಿಮ್ಮದಾದ 14 ದಿನದ ಒಳಗೆ ಇನ್ಶೂರೆನ್ಸನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ಗಾಡಿಗೆ ಏಟಾದಾಗ ಕ್ಲೇಮು ಸಿಗುವುದು ಕಷ್ಟ. ಕ್ಲೇಮು ಮಾಡದ್ದಕ್ಕೆ ಹಳೇ ಮಾಲೀಕರಿಗೆ ಸಿಗುವ ರಿಯಾಯಿತಿ, ನೋ ಕ್ಲೇಮ್ ಬೋನಸ್, ಅವರದ್ದೇ, ನಿಮಗೆ ಬರುವುದಿಲ್ಲ.

ಕೊನೆಯ ಪರೀಕ್ಷೆ ಘಟ್ಟದಲ್ಲೇ ಆಗಬೇಕು. ಕಾರವಾರದ ಹೈವೇಯಲ್ಲಿ ಹತ್ತು ನಿಮಿಷ ಓಡಿಸಿದರೆ ಎಲ್ಲ ಗಾಡಿಯೂ ಚೆನ್ನಾಗಿಯೇ ಇರುತ್ತದೆ. ಎಂಜಿನ್ ತಣ್ಣಗಿರುವಾಗ ಬೆಳಿಗ್ಗೆ ಹೋಗಿ, ಮೊದಲು ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ಅರ್ಥ. ಮನೆಯವರೆಲ್ಲರೂ ಕೂತು ಕುಮಟಾದಿಂದ ದೇವಿಮನೆ ಹತ್ತಿಸಿ, ಎಸಿ ಹಾಕಿಯೇ. ಮೂರನೇ ಗೇರಿನಲ್ಲಿ ಏರಿನ ಮೇಲೆ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಟೆಂಪರೇಚರ್ ಮುಳ್ಳು ನಡು ದಾಟಬಾರದು. ಎರ್ಟಿಗಾದಲ್ಲಿ ಮೂರನೇ ಸಾಲಿಗೆ ಬೇರೆ ಎಸಿ ಕಿಂಡಿ ಇಲ್ಲ, ನಡು ಸಾಲಿನ ಮೇಲಿನದ್ದೇ ಹಿಂದಕ್ಕೂ ಬೀಸಬೇಕು. ಸೆಕೆ ಆಗುತ್ತದಾ ಅಂತ ನಾದಿನಿಯನ್ನೇ ಕೇಳಿ. ಇಳಿಯುವಾಗ ಎರಡನೇ, ಮೂರನೇ ಗೇರಿನಲ್ಲೇ ಇಳಿಸಿ. ಕೆಳಗೆ ಬಂದು ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಕೈ ಒಡ್ಡಿ ನೋಡಿ, ಮುಟ್ಟಬೇಡಿ. ಮುಂದಿನ ಎರಡರಲ್ಲಿ ಒಂದು ಮಾತ್ರ ಕೆಂಡದ ಹಾಗಿದ್ದರೆ ಆ ಬ್ರೇಕು ಹಿಡಿದುಕೊಂಡಿದೆ. ಉಪ್ಪು ಗಾಳಿಯ ಗಾಡಿಯಲ್ಲಿ ಇದು ಸಾಮಾನ್ಯ, ರಿಪೇರಿ ಆಗುತ್ತದೆ, ಆದರೆ ರೇಟಿನಲ್ಲಿ ಕಳೆಯಿರಿ. ಟೈರಿನ ಮೇಲಿನ ನಾಲ್ಕು ಅಂಕಿಯನ್ನೂ ಓದಿ. 2319 ಅಂದರೆ 2019ರ 23ನೇ ವಾರದ ಟೈರು. ಗಾಡಿಯ ಜೊತೆ ಬಂದ ಟೈರೇ ಇನ್ನೂ ಇದ್ದರೆ ಅದರ ಗೆರೆ ಸವೆಯದ ಹಾಗೆ ಕಂಡರೂ ನಾಲ್ಕೂ ಬದಲಿಸಬೇಕು.

7.8 ಲಕ್ಷ ಹೇಳಿದ್ದಾರಲ್ವಾ, ಟೈರು, ಬ್ರೇಕು, ಬ್ಯಾಟರಿಯ ಖರ್ಚು ಬರೆದಿಟ್ಟುಕೊಂಡು ಮಾತಾಡಿ. ಒಂಬತ್ತರಲ್ಲಿ ಒಂದು ಲಕ್ಷ ಮುಟ್ಟದೆ ಇಡಿ. ಮೊದಲ ವಾರವೇ ಬ್ರೇಕ್ ಆಯಿಲ್, ಕೂಲಂಟ್, ಎಂಜಿನ್ ಆಯಿಲ್ ಬದಲಿಸಿ, ಅಡಿಗೆ ಒಳ್ಳೆಯ ಕೋಟಿಂಗ್ ಮಾಡಿಸಿ, ಉಳಿದದ್ದನ್ನು ಮನೆಯ ಏರಿನ ಕಾಂಕ್ರೀಟಿಗೆ ಹಾಕಿ. ಅರ್ಧ ದಿನ ಘಟ್ಟಕ್ಕೆ ಒಯ್ಯಲು ಗಾಡಿ ಕೊಡುವುದಿಲ್ಲ ಅಂದರೆ ಜೊತೆಗೆ ಅವರೇ ಬರಲಿ ಅನ್ನಿ. ಅದಕ್ಕೂ ಒಪ್ಪದಿದ್ದರೆ ಅಡ್ವಾನ್ಸ್ ಕೊಡದೆ ಎದ್ದು ಬನ್ನಿ, ಎರ್ಟಿಗಾ ಇನ್ನೊಂದು ಸಿಗುತ್ತದೆ.